ಉಸಿರೆಣಿಕೆ

ಗರಗಸ ಬೇರೆಯವರದು. ಸೂಜಿಯೂ.
ನನ್ನದು ಉಸಿರು ಎಣಿಸುವ ಕೆಲಸ.

ಮೊಪಾನಿಯ ಒಣ ಎಲೆಗಳ ಮೇಲೆ ಮಗ್ಗುಲಾಗಿದ್ದಾಳೆ ಕೊಕ್ವಾನ
(ನಮ್ಮ ಮಾತಿನಲ್ಲಿ ಅಜ್ಜಿ),
ಡಾಕ್ಟರ್ ಮುಸೆಕಿವಾರ ಪುಸ್ತಕದಲ್ಲಿ ನಲವತ್ತೊಂದು.
ಕಣ್ಣಿಗೆ ಯಾರದೋ ಹಳೆಯ ಟವೆಲ್ಲು,
ಕಿವಿಗೊಂದರಂತೆ ಕಾಲುಚೀಲ,
ಒಂದು ನೀಲಿ, ಇನ್ನೊಂದು ನನ್ನದು.

ಮೂಗಿನ ಹೊಳ್ಳೆಗೆ ಅಂಗೈ ಒಡ್ಡಿ ಮಂಡಿಯೂರಿದ್ದೇನೆ.
ಬಿಸಿ ತಾಗಿದರೆ ಒಂದು.
ಮುಂದಿನದು ಬರುವವರೆಗೆ ನಾನೂ ಉಸಿರಾಡುವುದಿಲ್ಲ;
ಹಾಗೇನೂ ನಿಯಮವಿಲ್ಲ, ಆಗಿಬಿಡುತ್ತದೆ.
ಎರಡು. ಬೆಳಗ್ಗೆ ಮೇಯ್ದ ಮುಳ್ಳುಗಿಡದ ಒಗರು ವಾಸನೆ.
ಮೂರು.

ಗರಗಸ ಶುರುವಾಯಿತು.
ಬಿಳಿ ಪುಡಿ ಹಾರಿ ತೋಳಿಗೆ, ರೆಪ್ಪೆಗೆ,
ಕೂದಲು ಸುಟ್ಟ ಕಮಟು.
ನಮ್ಮ ಉಗುರಿನದೇ ವಸ್ತು, ನೋವಿಲ್ಲ ಅವಳಿಗೆ,
ಎನ್ನುತ್ತಾರೆ ಡಾಕ್ಟರು ಪ್ರತಿ ಸಲ,
ಯಾರೂ ಕೇಳದಿದ್ದರೂ.

ನಾಲ್ಕು.

ತಮ್ಮ ರಿಸಿಮಾಟಿ, ಹನ್ನೊಂದು ವರ್ಷದವನು,
ಬೂಟು ಬೇಕೆಂದು ನೆಲಕ್ಕೆ ಬಿದ್ದು ಹೊರಳಾಡಿದ ದಿನ
ಅವ್ವ ಜೋಳದ ಹಿಟ್ಟು ತಿರುವುತ್ತಲೇ ಅಂದಳು:
ಊರ ಮಕ್ಕಳೆಲ್ಲ ಬರಿಗಾಲು,
ನಿನಗೊಬ್ಬನಿಗೇನು ಕೊಂಬಿದೆಯಾ?
ಅವನು ಅಳು ನಿಲ್ಲಿಸಿ
ಹಣೆ ಮುಟ್ಟಿ ನೋಡಿಕೊಂಡ.
ಗುಡಿಸಲು ಬಿರಿಯುವಂತೆ ನಕ್ಕೆವು.

ಬೂಟು ಬಂತು, ಎಷ್ಟೋ ವರ್ಷಕ್ಕೆ.
ಸಾವೆ ನದಿ ದಾಟಿ ಬಂದೂಕಿನವರು ಮೂವರು ಬಂದಿದ್ದರಂತೆ,
ನೀರಿನ ಗುಂಡಿಗಳನ್ನು ಬಲ್ಲ ಊರಿನವನೊಬ್ಬ ಬೇಕಿತ್ತಂತೆ.

ಆ ಬೆಳಗ್ಗೆ ರಣಹದ್ದುಗಳು ನಮಗಿಂತ ಮೊದಲು ತಲುಪಿದ್ದವು.
ಖಡ್ಗ ಹೋಗಿತ್ತು, ಮುಖವೂ; ಉಳಿದದ್ದು ಬರೀ ಮೃಗ.
ಜಾಡು ಓದುವುದು ನನ್ನ ಅನ್ನ.
ಮೂರು ಜೊತೆ ಹೆಜ್ಜೆ ಪರದೇಶದವು, ಅವಸರದವು.
ನಾಲ್ಕನೆಯದು ಹೊಸ ಬೂಟಿನದು, ಆಗಲೇ
ಎಡ ಹಿಮ್ಮಡಿ ಒಳಮಗ್ಗುಲಿಗೆ ಸವೆಯುತ್ತಿತ್ತು:
ಬಾವೊಬಾಬಿನ ಕಾಯಿ ಕೀಳಲು ಹತ್ತಿ
ಬಿದ್ದು ಸೊಟ್ಟಗಾದ ಕಾಲು.
ಆ ಕಾಲಿಗೆ ಪಟ್ಟಿ ಕಟ್ಟಿದವಳು ನಾನು.
ಜೊತೆಯವರು ನನ್ನ ಬಾಯಿಯನ್ನೇ ನೋಡುತ್ತಿದ್ದರು.
ಓದಿದೆ.
ಎಲ್ಲರಿಗೂ ಕೇಳುವ ಹಾಗೆ ಓದಿದೆ.

ಐದು.
ಆರು ಬರಲಿಲ್ಲ.
ತಿಂತ್ಸ್ವಾಲೊ, ಎಷ್ಟು? ಎಂದರು ಡಾಕ್ಟರು.
ಐದು, ಅಂದೆ.
ಗರಗಸ ನಿಂತಿತು. ಮರದಲ್ಲೊಂದು ಜೀರುಂಡೆ ಮಾತ್ರ
ತನ್ನ ಪಾಡಿಗೆ ಕೊಯ್ಯುತ್ತಲೇ ಇತ್ತು.
ಐದು, ಅಂದೆ ಮತ್ತೆ. ಐದೇ.
ಯಾರೋ ಅವಳ ಪಕ್ಕೆಗೆ ಭುಜ ಕೊಟ್ಟು ನೂಕಿದರು
ಕೆಟ್ಟುನಿಂತ ಲಾರಿಯನ್ನು ನೂಕುವ ಹಾಗೆ.
ಬಂತು. ಉದ್ದವಾಗಿ, ಅಂಗೈ ಒದ್ದೆಯಾಗುವಷ್ಟು.

ತೂಕ ಹಾಕಿದರು: ಎರಡು ಕಿಲೋ ಎಂಟುನೂರು.
ಹುಟ್ಟಿದ ದಿನ ರಿಸಿಮಾಟಿ ಇದ್ದದ್ದೂ ಅಷ್ಟೇ;
ಕ್ಲಿನಿಕ್ಕಿನ ತಕ್ಕಡಿಯ ಮುಳ್ಳನ್ನು
ಅವ್ವನ ಸೆರಗು ಹಿಡಿದು ನೋಡಿದ್ದು ನೆನಪಿದೆ.
ಕೊಂಬಿಗೆ ನಂಬರು, ಚೀಲಕ್ಕೆ ಸೀಲು.
ನೆಲಕ್ಕೆ ಚೆಲ್ಲಿದ ಪುಡಿಯನ್ನೂ ಬಳಿದು ತುಂಬಿದರು.
ನನ್ನ ರೆಪ್ಪೆಯದನ್ನು ಯಾರೂ ಕೇಳಲಿಲ್ಲ.

ಅವನಿಗೆ ಒಂಬತ್ತು ವರ್ಷ.
ಕೊಂಬು ಎರಡು ವರ್ಷಕ್ಕೆ ಮತ್ತೆ ಬೆಳೆಯುತ್ತದೆ,
ಮತ್ತೆ ಕೊಯ್ಯುತ್ತೇವೆ. ಅವನು ಬರುವಷ್ಟರಲ್ಲಿ
ಇನ್ನು ನಾಲ್ಕು ಸಲ.
ತಿಂಗಳಿಗೊಮ್ಮೆ ಚಿರೆಜಿಯ ಜೈಲಿಗೆ ಸಾಬೂನು ಒಯ್ಯುತ್ತೇನೆ.
ಬೂಟು ಕೋರ್ಟಿನವರ ಹತ್ತಿರವಿದೆ, ಸಾಕ್ಷಿಗೆ.
ಜಾಲರಿಯಾಚೆ ಬರಿಗಾಲು.
ಅವ್ವ ಹೇಗಿದ್ದಾಳೆ, ಕೇಳುತ್ತಾನೆ.
ನನ್ನನ್ನು ಕೇಳುವುದಿಲ್ಲ.

ಸಂಜೆ ದುರ್ಬೀನು ಹಿಡಿದು ದಿಬ್ಬದ ಮೇಲೆ ಕೂತಿದ್ದೆ.
ಕೊಕ್ವಾನ ತನ್ನ ಕಲ್ಲಿನ ಬಳಿಗೆ ಬಂದಳು,
ದಿನವೂ ಕೊಂಬು ಮಸೆದು ಮಸೆದು
ನುಣುಪಾದ ಕಲ್ಲು.
ಎಂದಿನಷ್ಟೇ ದೂರಕ್ಕೆ ನಿಂತು
ತಲೆ ಬಾಗಿಸಿ ಒಮ್ಮೆ ಬೀಸಿದಳು.
ಗಾಳಿ.
ಇನ್ನೊಮ್ಮೆ ಬೀಸಿದಳು.
ಸುಮ್ಮನೆ ನಿಂತಳು, ಬೆನ್ನ ಮೇಲಿನ ಹಕ್ಕಿ
ಎದ್ದು ಕೂರುವಷ್ಟು ಹೊತ್ತು.
ಆಮೇಲೆ ಒಂದು ಹೆಜ್ಜೆ ಮುಂದಿಟ್ಟಳು.
ಮೋಟು ತಾಗಿತು.
ಉಜ್ಜತೊಡಗಿದಳು.